ಪೀಠ ಒಂದೇ, ಹೆಸರು ಬೇರೆ

ಆಥೆನ್ಸ್ ನಗರದ ಆಕ್ರೊಪೊಲಿಸ್ ಬೆಟ್ಟವನ್ನು ಪಶ್ಚಿಮದ ದಾರಿಯಿಂದ ಏರುವವರಿಗೆ, ಮಹಾದ್ವಾರವನ್ನು ಸೇರುವ ಮುನ್ನವೇ ಎಡಗಡೆಯಲ್ಲಿ ಕಲ್ಲಿನ ಪೀಠವೊಂದು ಎದುರಾಗುತ್ತದೆ. ಹೈಮೆಟ್ಟಸ್ ಬೆಟ್ಟದ ನೀಲಿಛಾಯೆಯ ಬೂದು ಅಮೃತಶಿಲೆಯಿಂದ ಕಟ್ಟಿದ, ಸುಮಾರು ೨೯ ಅಡಿ ಎತ್ತರದ ಈ ಪೀಠದ ಮೇಲೆ ಇಂದು ಏನೂ ಇಲ್ಲ. ಪಾರ್ಥೆನಾನ್ ದೇವಾಲಯವನ್ನು ನೋಡುವ ಆತುರದಲ್ಲಿ ಅದನ್ನು ಗಮನಿಸದೆ ದಾಟಿಹೋಗುವುದು ಸುಲಭ. ಆದರೆ ಪರಾಧೀನವಾದ ಒಂದು ನಾಡಿನ ಕಷ್ಟವೂ ಚಾತುರ್ಯವೂ ಆ ಕಲ್ಲಿನಲ್ಲಿ ಅಡಗಿವೆ.

ಪೀಠದ ಪಶ್ಚಿಮ ಮುಖದಲ್ಲಿರುವ ಗ್ರೀಕ್ ಶಾಸನ ಬಲು ಚಿಕ್ಕದು. 'ಪುರಜನರು, ಲೂಸಿಯಸನ ಮಗನೂ ಮೂರು ಸಲ ಕಾನ್ಸಲ್ ಆದವನೂ ತಮ್ಮ ಉಪಕಾರಿಯೂ ಆದ ಮಾರ್ಕಸ್ ಅಗ್ರಿಪ್ಪನನ್ನು' ಎಂಬಲ್ಲಿಗೆ ಅದು ಮುಗಿಯಿತು. ಕಾನ್ಸಲ್ ಎಂದರೆ ರೋಮಿನ ಅತ್ಯುನ್ನತ ಅಧಿಕಾರಿ. ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಗೌರವಿಸಿದವರು ಪ್ರಥಮಾ ವಿಭಕ್ತಿಯಲ್ಲಿದ್ದಾರೆ, ಗೌರವ ಪಡೆದವನು ದ್ವಿತೀಯೆಯಲ್ಲಿದ್ದಾನೆ. 'ಗೌರವಿಸಿದರು' ಎಂಬುದನ್ನು ಓದುವವನೇ ತುಂಬಿಕೊಳ್ಳಬೇಕು. ರೋಮನರ ಆಳ್ವಿಕೆಗೆ ಒಳಪಟ್ಟ ಗ್ರೀಕ್ ಪಟ್ಟಣಗಳಲ್ಲಿ ವಿಗ್ರಹಪೀಠಗಳ ಮೇಲೆ ಇಂಥ ಒಕ್ಕಣೆ ವಾಡಿಕೆಯಾಗಿತ್ತು.

ಆದರೆ ಈ ಪೀಠವನ್ನು ಕಟ್ಟಿದ್ದು ಅಗ್ರಿಪ್ಪನಿಗಾಗಿ ಅಲ್ಲ. ಅವನ ಹೆಸರಿನಡಿಯಲ್ಲಿ, ಅಳಿಸಿಹಾಕಿದ ಹಳೆಯ ಶಾಸನದ ಗುರುತುಗಳಿವೆ. ಪೆರ್ಗಮಾನ್ ರಾಜ್ಯದ ಅರಸ ಎರಡನೆಯ ಯುಮೆನಿಸ್ ರಥದ ಪಂದ್ಯದಲ್ಲಿ ಪಡೆದ ಗೆಲುವಿನ ನೆನಪಿಗೆ ಕ್ರಿ. ಪೂ. ೧೭೮ರ ಸುಮಾರಿನಲ್ಲಿ ಇದನ್ನು ನಿಲ್ಲಿಸಿದರೆಂದು ವಿದ್ವಾಂಸರು ಹೇಳುತ್ತಾರೆ. ಮೇಲೆ ನಾಲ್ಕು ಕುದುರೆಗಳ ಕಂಚಿನ ರಥವಿತ್ತು. ಮುಂದೆ ಕಾಲ ಬದಲಾಯಿತು. ಕ್ರಿ. ಪೂ. ೮೬ರಲ್ಲಿ ರೋಮನ್ ಸೇನಾಪತಿ ಸುಲ್ಲ ಆಥೆನ್ಸನ್ನು ಸೂರೆಮಾಡಿದನು. ಓಲೈಸಬೇಕಾದ ರೋಮನ್ ಪ್ರಭುಗಳು ಒಬ್ಬರ ಹಿಂದೊಬ್ಬರು ಬಂದರು. ಹೊಸ ವಿಗ್ರಹಕ್ಕೆ ಹೊನ್ನು ಬೇಕು. ಹಳೆಯದಕ್ಕೆ ಹೊಸ ಹೆಸರು ಕೊರೆಯಲು ಒಂದು ಉಳಿ ಸಾಕು!

ಯುಮೆನಿಸ್ ಮತ್ತು ಆಟಲಸ್ ಅರಸರ ಭಾರಿ ವಿಗ್ರಹಗಳ ಮೇಲೆ ಆಂಟನಿಯ ಹೆಸರನ್ನು ಕೊರೆಯಲಾಗಿತ್ತೆಂದೂ, ಆಕ್ಟಿಯಂ ಕದನಕ್ಕೆ ಮುನ್ನ ಬಿರುಗಾಳಿಗೆ ಅವು ಉರುಳಿದುವೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಕ್ರಿ. ಪೂ. ೩೧ರ ಆ ಕದನದಲ್ಲಿ ಆಂಟನಿಯನ್ನು ಸೋಲಿಸಿದ ನೌಕಾಪಡೆಯ ನಾಯಕನೇ ಈ ಅಗ್ರಿಪ್ಪ. ಕ್ರಿ. ಪೂ. ೨೭ರಲ್ಲಿ ಅವನು ಮೂರನೆಯ ಸಲ ಕಾನ್ಸಲ್ ಆದನು. ಅನಂತರ ಯುಮೆನಿಸನ ಪೀಠ ಅವನದಾಯಿತು.

ಈ ಪದ್ಧತಿ ಅಂದಿನವರಿಗೂ ಹಿತವೆನಿಸಿರಲಿಲ್ಲ. ಪರರ ವಿಗ್ರಹಗಳ ಮೇಲಿನ ಸುಳ್ಳು ಬರಹ ತನಗೆ ಒಗ್ಗದೆಂದು ಸಿಸೆರೊ ಗೆಳೆಯನಿಗೆ ಪತ್ರ ಬರೆದನು. ಮಿಲ್ಟಿಯಾಡಿಸ್ ಮತ್ತು ಥೆಮಿಸ್ಟೊಕ್ಲಿಸ್ ಪರ್ಷಿಯನ್ನರಿಂದ ಗ್ರೀಸನ್ನು ಕಾಪಾಡಿದ ವೀರರು. ಆಥೆನ್ಸಿನಲ್ಲಿದ್ದ ಅವರ ವಿಗ್ರಹಗಳ ಹೆಸರನ್ನೂ ತಿದ್ದಿ, ಒಂದನ್ನು ಒಬ್ಬ ರೋಮನನಿಗೆ, ಇನ್ನೊಂದನ್ನು ಥ್ರೇಸಿನವನೊಬ್ಬನಿಗೆ ಒಪ್ಪಿಸಿದ್ದುದನ್ನು ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ದಾಖಲಿಸಿದ್ದಾನೆ. ರೋಡ್ಸ್ ದ್ವೀಪದಲ್ಲಂತೂ ಅಧಿಕಾರಿ ಒಂದು ವಿಗ್ರಹದತ್ತ ಬೆರಳು ತೋರಿದರೆ ಸಾಕು, ಅದರ ಹಳೆಯ ಹೆಸರು ಅಳಿಯುತ್ತಿತ್ತು. ವಾಗ್ಮಿ ಡಿಯೊ ಕ್ರಿಸೊಸ್ಟಮ್ ಆ ಊರಿನ ಸಭೆಯಲ್ಲಿಯೇ ಇದನ್ನು ಖಂಡಿಸಿದನು. ಸತ್ತ ಉಪಕಾರಿಯ ಗೌರವವನ್ನು ಕಸಿಯುವುದು ಅನ್ಯಾಯ. ಹೀಗೆ ಕಸಿಯಬಹುದಾದ ಗೌರವವನ್ನು ಮುಂದೆ ಯಾರು ತಾನೆ ನಂಬಿಯಾರು ಎಂಬುದು ಅವನ ವಾದ.

ಅಗ್ರಿಪ್ಪನು ಆಥೆನ್ಸಿನ ಚೌಕದಲ್ಲಿ ದೊಡ್ಡದೊಂದು ಸಂಗೀತಮಂದಿರವನ್ನು ಕಟ್ಟಿಸಿಕೊಟ್ಟನು. ಆದುದರಿಂದ 'ಉಪಕಾರಿ' ಎಂಬ ಮಾತು ಬರಿಯ ಮುಖಸ್ತುತಿಯಲ್ಲ. ಆದರೂ ಅವನಿಗೆ ದೊರೆತದ್ದು ಇನ್ನೊಬ್ಬನಿಗೆ ಸಂದಿದ್ದ ಪೀಠ. ಇಂದು ಅದರ ಮೇಲೆ ಯುಮೆನಿಸನ ರಥವೂ ಇಲ್ಲ, ಅಗ್ರಿಪ್ಪನ ವಿಗ್ರಹವೂ ಇಲ್ಲ. ಕೊರೆದ ಹೆಸರೊಂದು, ಅಳಿಸಿದ ಹೆಸರೊಂದು, ಎರಡೂ ಒಂದೇ ಕಲ್ಲಿನ ಮೇಲೆ ಉಳಿದಿವೆ.