ಚೊಂಬಿನ ಬಾಯಿ

ಡ್ರಾಯಿಂಗ್ ಮೇಷ್ಟರಾದ ನಮಗೆ ವಾರಕ್ಕೆ ದೊರೆಯುವುದು ಒಂದೇ ಗಂಟೆ. ಪರೀಕ್ಷೆ ಸಮೀಪಿಸಿತೆಂದರೆ ಅದೂ ಗಣಿತದ ಪಾಲು. ಆ ಗಂಟೆಯಲ್ಲಿ ಮೇಜಿನ ಮೇಲೆ ಚೊಂಬೊಂದನ್ನಿರಿಸಿ ಬರೆಯಹೇಳುವೆವು. ಬಹುಮಂದಿ ಮಕ್ಕಳು ಅದರ ಬಾಯನ್ನು ಪೂರ್ಣಚಂದ್ರನಂತೆ ದುಂಡಗೆ ಬರೆಯುವರು. ಬಾಯಿ ದುಂಡಗಿರುವುದೆಂದು ಅವರು ಬಲ್ಲರು, ಬಲ್ಲುದನ್ನೇ ಬರೆದರು. ಕುಳಿತ ಕಡೆಯಿಂದ ಅದು ಅಂಡಾಕಾರವಾಗಿ ಕಾಣುವುದೆಂದು ಹೇಳಿದರೆ ಸಾಲದು. ಚೊಂಬನ್ನು ಮೆಲ್ಲನೆ ಅವರ ಕಣ್ಣಿನ ಮಟ್ಟಕ್ಕೆ ಎತ್ತಬೇಕು. ಬಾಯಿ ಕಿರಿದಾಗುತ್ತ ಬಂದು ಒಂದು ಗೆರೆಯೇ ಆಗಿಬಿಡುವುದು. ಆಗ ಹಿಂದಿನ ಬೆಂಚಿನಿಂದ ಹೊರಡುವ ‘ಓಹೋ!’ ಎಂಬುದೇ ನಮಗೆ ಸಂಬಳದ ಮೇಲಿನ ಭಕ್ಷೀಸು.

“ಇದರಿಂದ ಹುಡುಗನಿಗೆ ಬರುವ ಲಾಭವೇನು, ಸ್ವಾಮಿ?” ಎಂದು ಗೃಹಸ್ಥರೊಬ್ಬರು ಮಗನೊಡನೆ ಬಂದು ಕೇಳಿದರು. ಚಿತ್ರಗಾರನಾಗುವನೆಂದು ನಾವು ಭರವಸೆ ಕೊಡಲಾರೆವು. ಪಟವೊಂದನ್ನು ತೆಗೆದು ಮುಂದಿಟ್ಟೆವು. ಹೊಸ ಕಲೆಯೆಲ್ಲವೂ ನಮಗೆ ರುಚಿಸದು, ಇದು ರುಚಿಸಿದೆ. ಸುಬೋಧ ಗುಪ್ತರು 2006ರಲ್ಲಿ ಅಡಿಗೆಮನೆಯ ಸ್ಟೀಲು ಪಾತ್ರೆಗಳನ್ನೇ ಜೋಡಿಸಿ ಬೃಹತ್ತಾದ ತಲೆಬುರುಡೆಯೊಂದನ್ನು ರಚಿಸಿದರು. ಬಹಳ ಹಸಿದ ದೇವರು ಎಂಬುದು ಅದರ ಹೆಸರಿನ ಅರ್ಥ. ಗೃಹಸ್ಥರು ನಕ್ಕರು. ಹುಡುಗನು ನಗಲಿಲ್ಲ. ತೀರ ಹತ್ತಿರ ಬಾಗಿ ನೋಡಿ, “ಪಾತ್ರೆಯೆಲ್ಲ ಖಾಲಿ” ಎಂದನು. ಪಟವನ್ನು ಮನೆಗೆ ಕೊಂಡೊಯ್ಯಲೆ ಎಂದೂ ಕೇಳಿದನು.