ಈ ವರ್ಷ ಬುಡ ಬಿಡಿಸುವ ಕೆಲಸ

ಡಿಸೆಂಬರ್ 31ರ ರಾತ್ರಿ ನಮ್ಮ ದೇವಾಲಯದಲ್ಲಿ ಹನ್ನೊಂದು ಗಂಟೆಗೆ ಆರಾಧನೆ ಶುರು. ಹನ್ನೆರಡಕ್ಕೆ ಗಂಟೆ ಹೊಡೆದು, ಎಲ್ಲರೂ ಮೊಣಕಾಲೂರಿ ಎದ್ದು, ಒಬ್ಬರಿಗೊಬ್ಬರು ಕೈಕುಲುಕಿ ಮುಗಿಯುವಷ್ಟರಲ್ಲಿ ಪೇಟೆ ಕಡೆಯಿಂದ ಪಟಾಕಿ ಸದ್ದು ಕೇಳುತ್ತದೆ. ಆಮೇಲೆ ಸ್ಟೀಲಿನ ತಟ್ಟೆ ಬರುತ್ತದೆ. ಅದರ ತುಂಬ ಸಣ್ಣ ಸಣ್ಣ ಕಾರ್ಡುಗಳು. ಒಂದೊಂದರಲ್ಲೂ ಸತ್ಯವೇದದ ಒಂದೊಂದು ವಚನ. ನೋಡದೆ ಒಂದನ್ನು ಎತ್ತಬೇಕು. ಅದು ನಿಮ್ಮ ಆ ವರ್ಷದ ವಾಗ್ದಾನ. ಮಕ್ಕಳು ನಿನಗೇನು ಬಂತು, ನನಗೇನು ಬಂತು ಅಂತ ಹೋಲಿಸಿ ನೋಡುತ್ತಾರೆ. ದೊಡ್ಡವರು ಸುಮ್ಮನೆ ಓದಿ ಜೇಬಿಗೋ ಪರ್ಸಿಗೋ ಹಾಕಿಕೊಳ್ಳುತ್ತಾರೆ. ಆಮೇಲೆ ಒಂದು ತುಂಡು ಕೇಕು, ಚಾ. ಮನೆಗೆ ಬರುವಾಗ ಒಂದೂವರೆ ಗಂಟೆ.

ಮನೆಗೆ ಬಂದ ಮೇಲೂ ನಾವು ಕೂಡಲೇ ಮಲಗುವುದಿಲ್ಲ. ಒಂದು 200 ಪುಟದ ನೋಟ್ ಬುಕ್ ಇದೆ. ಮದುವೆಯಾದ ವರ್ಷದಿಂದ ಅದರಲ್ಲಿ ಆ ರಾತ್ರಿ ಬರುವ ವರ್ಷದ ಗುರಿಗಳನ್ನು ಬರೆಯುತ್ತ ಬಂದಿದ್ದೇವೆ. ನಾವು ಎಂದರೆ ಗಂಡ-ಹೆಂಡತಿ ಇಬ್ಬರು. ಒಬ್ಬರು ಪತ್ರಿಕೆಗೆ ಬರೆದು ಬದುಕುವವರು, ಇನ್ನೊಬ್ಬರು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವರು, ಉಳಿದ ಹೊತ್ತಿನಲ್ಲಿ ಇಬ್ಬರೂ ಮುಕ್ಕಾಲು ಎಕರೆ ಅಡಿಕೆ ತೋಟದ ಆಳುಗಳು. ಜಗಳ ಆಡುವುದು ತುಳುವಿನಲ್ಲಿ, ಪ್ರಾರ್ಥನೆ ಮಾಡುವುದು ಕನ್ನಡದಲ್ಲಿ. ನಮ್ಮ ಕಡೆಯ ಸಿಎಸ್‌ಐ ಸಭೆಯವರಲ್ಲಿ ಇದೇನೂ ವಿಶೇಷ ಅಲ್ಲ.

ಹಳೆಯ ಪಟ್ಟಿಗಳನ್ನು ಓದಿದರೆ ನಗು ಬರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ಪ್ರಾರ್ಥನೆ. ವರ್ಷದೊಳಗೆ ಸತ್ಯವೇದ ಪೂರ್ತಿ ಓದುವುದು. ಸಂಬಳದಲ್ಲಿ ಹತ್ತನೇ ಒಂದು ಪಾಲು ದೇವರಿಗೆ. ಸೊಸೈಟಿ ಸಾಲ ತೀರಿಸುವುದು. ಊಟದ ಹೊತ್ತಿಗೆ ಮೊಬೈಲ್ ಇಲ್ಲ. ಇಬ್ಬರೂ ಸೇರಿ ಎಂಟು ಕಿಲೋ ಇಳಿಸುವುದು. ಈ ಕೊನೆಯದನ್ನು ಯಾರು ಎಷ್ಟು ಇಳಿಸಬೇಕು ಅಂತ ಬರೆದಿಲ್ಲ. ಬರೆದಿದ್ದರೆ ಹೊಸ ವರ್ಷದ ಮೊದಲ ಜಗಳ ಅಲ್ಲೇ ಆಗುತ್ತಿತ್ತು.

ಸತ್ಯವೇದ ಓದುವ ಲೆಕ್ಕ ಮಾತ್ರ ನಮಗೆ ಬಾಯಿಪಾಠ. ಒಟ್ಟು 1,189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಆದಿಕಾಂಡ ಕತೆಯಂತೆ ಓಡುತ್ತದೆ. ವಿಮೋಚನಕಾಂಡದಲ್ಲಿ ಸಮುದ್ರ ದಾಟುವವರೆಗೆ ಚೆನ್ನಾಗಿರುತ್ತದೆ, ಆಮೇಲೆ ಗುಡಾರದ ಅಳತೆ ಬರುತ್ತದೆ. ಜನವರಿ ಕೊನೆಗೆ ಯಾಜಕಕಾಂಡ. ಅಲ್ಲಿ ಯಜ್ಞದ ಪ್ರಾಣಿಯ ಕೊಬ್ಬು, ಮೂತ್ರಪಿಂಡಗಳ ನಡುವೆ ಎಷ್ಟು ವರ್ಷ ನಾವು ನಿದ್ದೆ ಹೋಗಿದ್ದೇವೋ! ಸಂಡೇ ಸ್ಕೂಲಿನ ಟೀಚರುಗಳನ್ನು ಕೇಳಿ ನೋಡಿ, ಹೆಚ್ಚಿನವರ ಓದು ನಿಂತಿರುವುದು ಅಲ್ಲೇ.

ಇಂಥ ಓದಿನ ಪಟ್ಟಿಗಳಲ್ಲಿ ತುಂಬ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ರಾಬರ್ಟ್ ಮರ್ರಿ ಮೆಕ್‌ಶೇನ್ ಎಂಬ ಸಭಾಪಾಲಕರದು. ದಿನಕ್ಕೆ ನಾಲ್ಕು ಅಧ್ಯಾಯದಂತೆ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. 1842ರಲ್ಲಿ ತನ್ನ ಸಭೆಯವರಿಗಾಗಿ ಅದನ್ನು ಮಾಡಿಕೊಟ್ಟರು. ನಮಗೆ ಇಷ್ಟವಾದದ್ದು ಪಟ್ಟಿಗಿಂತ ಅದರ ಜೊತೆ ಅವರು ಕೊಟ್ಟ ಎಚ್ಚರಿಕೆ. ಇದರಿಂದ ಅಪಾಯವೂ ಇದೆ, ಓದು ಬರೀ ಶಾಸ್ತ್ರಕ್ಕೆ ಆಗಬಹುದು, ದಿನದ ಪಾಲು ಮುಗಿಸಿದವರಿಗೆ ತಾವೇ ದೊಡ್ಡ ಭಕ್ತರೆಂಬ ಭಾವನೆ ಬರಬಹುದು ಎಂದು ಮೊದಲೇ ಹೇಳಿಬಿಟ್ಟಿದ್ದರು. ಮರುವರ್ಷ, 29ನೇ ವಯಸ್ಸಿನಲ್ಲೇ ತೀರಿಕೊಂಡರು. ಆ ಮರುವರ್ಷ ಎಂದರೆ 1843. ಮೋಗ್ಲಿಂಗ್, ಮಂಗಳೂರ ಸಮಾಚಾರ, ಜುಲೈ 1 ಅಂತ ಪರೀಕ್ಷೆಗೆ ಉರು ಹೊಡೆದ ನಮ್ಮ ಕ್ಲಾಸ್‌ಮೇಟುಗಳಿಗೆ ಈ ಇಸವಿ ಮರೆಯುವಂತಿಲ್ಲ.

ಇನ್ನೊಬ್ಬರು ಅಮೆರಿಕದ ಜೋನಾಥನ್ ಎಡ್ವರ್ಡ್ಸ್. 1722-23ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ, ತನಗಾಗಿ 70 ನಿರ್ಧಾರಗಳನ್ನು ಬರೆದುಕೊಂಡರು. ವಾರಕ್ಕೊಮ್ಮೆ ಅಷ್ಟನ್ನೂ ಓದಿಕೊಳ್ಳಬೇಕೆಂಬ ನಿಯಮ ಬೇರೆ. ಸಮಯ ಹಾಳು ಮಾಡಬಾರದು, ಬೇರೆಯವರ ಬಗ್ಗೆ ಕೆಟ್ಟದು ಆಡಬಾರದು, ಊಟ ಮಿತವಾಗಿರಬೇಕು, ಹೀಗೆ. ಹೊಸ ವರ್ಷದ ಪ್ರಸಂಗಗಳಲ್ಲಿ ಇವರ ಹೆಸರು ಬರುತ್ತಲೇ ಇರುತ್ತದೆ. ಆದರೆ ಪ್ರಸಂಗಗಳಲ್ಲಿ ಬಾರದ ವಿಷಯವೂ ಒಂದಿದೆ. ಇದೇ ಎಡ್ವರ್ಡ್ಸ್ ಮುಂದೆ ದುಡ್ಡು ಕೊಟ್ಟು ಗುಲಾಮರನ್ನು ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದರು. 70 ಸಾಲುಗಳಲ್ಲಿ ಅದನ್ನು ತಡೆಯುವ ಸಾಲು ಒಂದೂ ಇರಲಿಲ್ಲ ಎಂದು ಕಾಣುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾವಿಬ್ಬರೂ ಅವರನ್ನು ಚೆನ್ನಾಗಿ ಬೈದೆವು. ಆಮೇಲೆ ನಮ್ಮ ನೋಟ್ ಬುಕ್ ನೆನಪಾಯಿತು.

ನಮ್ಮ ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ಅಣ್ಣ. (ನಮ್ಮಲ್ಲಿ ಒಬ್ಬರಿಗೆ ಅಣ್ಣ, ಇನ್ನೊಬ್ಬರಿಗೆ ಭಾವ. ಬರೆಯುವ ಅನುಕೂಲಕ್ಕೆ ಅಣ್ಣ ಎಂದೇ ಇಟ್ಟುಕೊಳ್ಳೋಣ.) ಅಪ್ಪ ತೀರಿಕೊಂಡ ಮೇಲೆ ತೋಟ ಎರಡು ಪಾಲಾಯಿತು. ಹಳೇ ಬಾವಿ ಅಣ್ಣನ ಪಾಲಿಗೆ ಹೋಯಿತು. ನಮಗೆ ವಾರಕ್ಕೆ ಮೂರು ದಿನ ನೀರು ಎಂದು ಮಾತಾಗಿತ್ತು. ಹಾಗೇ ನಡೆಯುತ್ತಿತ್ತು. ಆದರೆ ಯಾವಾಗಲೂ ಕೇಳಿ ಪಂಪ್ ಹಾಕಬೇಕಲ್ಲ ಎಂಬ ಕಿರಿಕಿರಿ ನಮಗೆ. ಈಗ ಐದು ವರ್ಷವಾಗುತ್ತ ಬಂತು, ಒಂದು ಫೆಬ್ರವರಿಯಲ್ಲಿ ಗಡಿಯ ಹತ್ತಿರವೇ ಬೋರ್ ಕೊರೆಸಿದೆವು. ಅಣ್ಣನಿಗೆ ಹೇಳಲಿಲ್ಲ. ರಾತ್ರಿ ಲಾರಿ ಬಂದು ಯಂತ್ರದ ಸದ್ದು ಶುರುವಾದ ಮೇಲೆಯೇ ಅವರಿಗೆ ಗೊತ್ತಾದದ್ದು. ನಮಗೆ ಒಳ್ಳೆಯ ನೀರು ಸಿಕ್ಕಿತು. ಮಾರ್ಚ್ ಕೊನೆಗೆ ಅವರ ಬಾವಿ ಬತ್ತಿತು. ನಮಗೆ ನೆನಪಿರುವಂತೆ ಆ ಬಾವಿ ಬತ್ತಿದ್ದು ಅದೇ ಮೊದಲು. ಅವರ ಮರಗಳ ನಳ್ಳಿ ಉದುರಿತು. ಅತ್ತಿಗೆ ಕುಡಿಯುವ ನೀರಿಗೆ ಕೊಡ ಹಿಡಿದುಕೊಂಡು ಆಚೆ ಮನೆಗೆ ಹೋಗುತ್ತಿದ್ದರು. ನಮ್ಮ ಮನೆ ದಾಟಿಕೊಂಡೇ ಹೋಗುತ್ತಿದ್ದರು.

ಬೋರಿನಿಂದಲೇ ಬಾವಿ ಬತ್ತಿತು ಎಂದು ಯಾರೂ ಖಡಾಖಂಡಿತ ಹೇಳಲಾರರು. ಆ ವರ್ಷ ಮಳೆಯೂ ಬೇಗ ನಿಂತಿತ್ತು. ಈ "ಹೇಳಲಾರರು" ಎಂಬ ಮಾತನ್ನು ನಾವು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡೆವೆಂದರೆ, ಆ ಡಿಸೆಂಬರಿನ ಪಟ್ಟಿಯಲ್ಲಿ ಹನ್ನೊಂದು ಗುರಿಗಳಿವೆ, ಅಣ್ಣನ ಹೆಸರಿಲ್ಲ. ಆ ವರ್ಷ ಉಪವಾಸ ಕೂಡ ಇದೆ, ಪ್ರತಿ ತಿಂಗಳ ಮೊದಲ ಶುಕ್ರವಾರ!

ಹೋಗುವುದೂ ಅದೇ ದೇವಾಲಯಕ್ಕೆ. ಸಿಎಸ್‌ಐ ಆರಾಧನೆ ನೋಡಿದವರಿಗೆ ಗೊತ್ತಿರುತ್ತದೆ, ಕರ್ತನ ಭೋಜನಕ್ಕೆ ಮೊದಲು ಸಮಾಧಾನ ಹಂಚುವುದು ಅಂತ ಇದೆ. ಮುಂದಿನಿಂದ ಬಂದ ಸಮಾಧಾನವನ್ನು ಕೈಗೆ ಕೈ ಮುಟ್ಟಿಸಿ ಪಕ್ಕದವರಿಗೆ, ಹಿಂದಿನವರಿಗೆ ದಾಟಿಸುತ್ತ ಹೋಗಬೇಕು. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಯೇಸು ಹೇಳಿದ್ದರ ಹಿನ್ನೆಲೆ ಇದಕ್ಕಿದೆ. ನಾವೇನು ಮಾಡಿದೆವು? ಅಣ್ಣ ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಕೂರುತ್ತಾರೆ. ನಾವು ಆಚೆ ಸಾಲಿನ ಆರನೇ ಬೆಂಚಿಗೆ ಹೋದೆವು. ಸಮಾಧಾನ ಯಾವ ದಾರಿಯಲ್ಲಿ ಬಂದರೂ ಅವರ ಕೈಯಿಂದ ನಮ್ಮ ಕೈಗೆ ಬಾರದ ಹಾಗೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆವು. ಸ್ತ್ರೀಯರ ಸಂಘದ ಹಿರಿಯರೊಬ್ಬರು ಒಂದು ದಿನ "ಫ್ಯಾನಿನ ಗಾಳಿ ಅಲ್ಲಿ ಚೆನ್ನಾಗಿ ಬರುತ್ತದಾ ಮಗಾ?" ಅಂತ ಕೇಳಿದರು. ಆ ಬೆಂಚಿನ ಮೇಲೆ ಫ್ಯಾನೇ ಇಲ್ಲ.

ಆಮೇಲಿನ ಮೂರು ವರ್ಷ ಪಟ್ಟಿಯ ಕೊನೆಯಲ್ಲಿ "ಅಣ್ಣನೊಂದಿಗೆ ಸಮಾಧಾನ" ಎಂದು ಬರೆದೆವು. ಮೂರು ವರ್ಷವೂ ನಡೆಯಲಿಲ್ಲ. ಬೆಳಿಗ್ಗೆ ಏಳುವುದು, ಹತ್ತನೇ ಪಾಲು ಕೊಡುವುದು ಒಂದಷ್ಟು ನಡೆಯಿತು. ಪ್ರಾರ್ಥನೆಯಲ್ಲಿ ಅಣ್ಣನ ಮನಸ್ಸು ಕರಗಿಸಪ್ಪಾ ಎಂದು ಬೇಡಿಕೊಂಡದ್ದೂ ಹೌದು. ಅವರ ಮನಸ್ಸು! ನಮ್ಮದು ಮೊದಲೇ ಕರಗಿದೆ ಎಂಬ ಹಾಗೆ.

ಈ ಸಲ ವರ್ಷದ ಕೊನೆಯ ರಾತ್ರಿ ಸಭಾಪಾಲಕರು ಪ್ರಸಂಗಕ್ಕೆ ತೆಗೆದುಕೊಂಡದ್ದು ಲೂಕನ ಸುವಾರ್ತೆಯ 13ನೇ ಅಧ್ಯಾಯದ ಅಂಜೂರದ ಮರ. ಯಜಮಾನ ಮೂರು ವರ್ಷ ಬಂದು ನೋಡಿದರೂ ಹಣ್ಣಿಲ್ಲ, ಕಡಿದು ಹಾಕು ಎನ್ನುತ್ತಾನೆ. ತೋಟದ ಕೆಲಸದವನು ಇನ್ನೊಂದು ವರ್ಷದ ಅವಕಾಶ ಕೇಳುತ್ತಾನೆ. ಪ್ರಸಂಗ ದೇವರ ತಾಳ್ಮೆಯ ಬಗ್ಗೆ ಇತ್ತು, ಚೆನ್ನಾಗಿಯೇ ಇತ್ತು. ನಮ್ಮ ತಲೆ ಮಾತ್ರ ಬೇರೆ ಕಡೆ ಹೋಯಿತು. ಆ ಕೆಲಸದವನು ಮುಂದಿನ ವರ್ಷ ಹಣ್ಣು ಬಿಡಿಸಿಯೇ ಬಿಡಿಸುತ್ತೇನೆ ಎಂದು ಮಾತು ಕೊಡುವುದಿಲ್ಲ. ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎಂದಷ್ಟೇ ಹೇಳುತ್ತಾನೆ. ಹಣ್ಣು ಬಿಟ್ಟಿತೋ ಇಲ್ಲವೋ, ಕತೆಯಲ್ಲಿ ಅದೂ ಇಲ್ಲ.

ತೋಟದವರಿಗೆ ಇದು ಹೊಸ ವಿಷಯ ಅಲ್ಲ. ಅಡಿಕೆ ಮರಕ್ಕೆ ಈ ವರ್ಷ ಇಷ್ಟು ಗೊನೆ ಬಿಡು ಎಂದು ಯಾರಾದರೂ ಚೀಟಿ ಬರೆದು ಅಂಟಿಸುತ್ತಾರಾ? ಮಳೆ ಕಡಿಮೆಯಾದ ಮೇಲೆ ಬುಡ ಬಿಡಿಸುತ್ತೇವೆ. ಬೇರಿಗೆ ಪೆಟ್ಟಾಗದ ಹಾಗೆ ಮೆಲ್ಲಗೆ ಮಣ್ಣು ಎಳೆದು, ಸೊಪ್ಪು ಹಾಕಿ, ಹಟ್ಟಿಗೊಬ್ಬರ ಹಾಕಿ, ಮತ್ತೆ ಮಣ್ಣು ಮುಚ್ಚುತ್ತೇವೆ. ಬೆನ್ನು ನೋಯುತ್ತದೆ, ಕೈ ನಾರುತ್ತದೆ. ಅಷ್ಟೇ ನಮ್ಮ ಕೈಯಲ್ಲಿರುವುದು. "ಅಣ್ಣನೊಂದಿಗೆ ಸಮಾಧಾನ" ಎನ್ನುವುದು ಗೊನೆ. ಮೂರು ವರ್ಷ ನಾವು ಗೊನೆಯ ಹೆಸರು ಬರೆದಿಟ್ಟೆವೇ ಹೊರತು ಹಾರೆ ಹಿಡಿಯಲಿಲ್ಲ.

ವಾಗ್ದಾನದ ಕಾರ್ಡುಗಳ ಬಗ್ಗೆಯೂ ಒಂದು ಮಾತು. ಬೇಡ ಎನ್ನುವವರು ನಾವಲ್ಲ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಕ್ರೈಸ್ತರು ಚೀಟಿ ಎತ್ತಿ ಆರಿಸಿದ ವಚನಗಳನ್ನು, ದಿನಕ್ಕೊಂದರಂತೆ, 1731ರಿಂದ ಪುಸ್ತಕ ಮಾಡಿ ಅಚ್ಚು ಹಾಕುತ್ತ ಬಂದಿದ್ದಾರೆ. ಕಷ್ಟದ ದಿನ ಕಣ್ಣಿಗೆ ಬಿದ್ದ ಒಂದು ವಚನ ಎಷ್ಟು ಬಲ ಕೊಡುತ್ತದೆ ಎಂಬುದು ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಮಗೂ ಗೊತ್ತಾಗಿದೆ. ಆದರೆ ನಮ್ಮ ತಟ್ಟೆಯಲ್ಲಿರುವುದೆಲ್ಲ ದೇವರು ನಮಗೆ ಕೊಡುವ ಮಾತುಗಳು. ನಮ್ಮಿಂದ ಏನಾದರೂ ಕೇಳುವ ಕಾರ್ಡು ಇಷ್ಟು ವರ್ಷದಲ್ಲಿ ನಮಗೆ ಒಂದೂ ಬಂದಿಲ್ಲ. ಅಂಥದ್ದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ ಅಂತ ಕಾಣುತ್ತದೆ.

ಹಾಗಾಗಿ ಈ ಸಲ ನೋಟ್ ಬುಕ್‌ನಲ್ಲಿ ಐದೂವರೆಯ ಪ್ರಾರ್ಥನೆಯೂ ಇಲ್ಲ, ಎಂಟು ಕಿಲೋವೂ ಇಲ್ಲ. ಬರೆದದ್ದು ಇಷ್ಟು: ನಮ್ಮ ಬೋರಿನಿಂದ ಅಣ್ಣನ ಟ್ಯಾಂಕಿಗೆ ಪೈಪ್. ಮರುದಿನವೇ ಹಗ್ಗ ಹಿಡಿದು ಅಳೆದೆವು. 160 ಅಡಿ, ಅಂದರೆ 20 ಅಡಿಯ ಎಂಟು ಪೈಪ್. ಎರಡು ಕಡೆ ಬೆಂಡ್, ಒಂದು ಗೇಟ್‌ವಾಲ್ವ್. ಅದರ ಕೆಳಗೆ ಇನ್ನೊಂದು ಸಾಲು: ಪೈಪ್ ತರುವ ಮೊದಲು ಹೋಗಿ ತಪ್ಪು ಒಪ್ಪಿಕೊಳ್ಳುವುದು.

ಪೈಪಿಗಿಂತ ಕಷ್ಟವಾದದ್ದು ಈ ಎರಡನೇ ಸಾಲು. ಏನು ಹೇಳುವುದೆಂದು ಮನೆಯಲ್ಲಿ ಅಭ್ಯಾಸ ಮಾಡಿದೆವು. ಪ್ರತಿ ಸಲವೂ ಮಾತು "ಆದರೆ" ಎಂಬಲ್ಲಿಗೆ ಬರುತ್ತಿತ್ತು. ಕೇಳಬೇಕಿತ್ತು, ಆದರೆ ಆಗ ನಮಗೂ ತುಂಬ ತೊಂದರೆ ಇತ್ತು. ತಪ್ಪಾಯಿತು, ಆದರೆ ಭೂಮಿಯೊಳಗಿನ ನೀರು ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬರು ಹೇಳುವುದು, ಇನ್ನೊಬ್ಬರು "ಆದರೆ" ಬಂದಾಗ ಕೈ ಎತ್ತುವುದು. ಶಾಲೆಯ ಮಕ್ಕಳಿಗೆ ಕಾಪಿ ತಿದ್ದಿದ ಹಾಗೆ. "ಆದರೆ" ಇಲ್ಲದ ವಾಕ್ಯ ಬರಲು ಮೂರು ದಿನ ಬೇಕಾಯಿತು. ಇಷ್ಟು ವರ್ಷದಲ್ಲಿ ನಾವು ಮಾಡಿದ ನಿಜವಾದ ಪ್ರಾರ್ಥನೆ ಬಹುಶಃ ಅದೇ.

ಜನವರಿಯ ಮೊದಲ ಶನಿವಾರ ಸಂಜೆ, ತೋಟದ ಒಂದು ಗೊನೆ ಕದಳಿ ಬಾಳೆಹಣ್ಣು ತೆಗೆದುಕೊಂಡು ಹೋದೆವು. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಅಣ್ಣ ಮಗುಚಿ ಹಾಕುತ್ತಿದ್ದರು. ನೋಡಿದರು, ಕೆಲಸ ನಿಲ್ಲಿಸಲಿಲ್ಲ. ಅತ್ತಿಗೆ ಒಳಗಿನಿಂದ ಬಂದು, "ಬನ್ನಿ, ಕುಳಿತುಕೊಳ್ಳಿ" ಎಂದರು. ನಾವು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆಂಬ ಭಯ.

"ಅಣ್ಣಾ, ಬೋರ್ ಕೊರೆಸುವ ಮೊದಲು ನಿಮ್ಮನ್ನು ಕೇಳಬೇಕಿತ್ತು. ಕೇಳಲಿಲ್ಲ. ಅತ್ತಿಗೆ ಕೊಡ ಹಿಡಿದುಕೊಂಡು ಹೋಗುವುದು ನೋಡಿಯೂ ಸುಮ್ಮನಿದ್ದೆವು. ತಪ್ಪಾಯಿತು."

ಪೈಪಿನ ವಿಷಯವನ್ನೂ ಹೇಳಿದೆವು. ಅಣ್ಣ ಏನೂ ಹೇಳಲಿಲ್ಲ. ಅತ್ತಿಗೆ ಚಾ ತಂದರು, ಕುಡಿದೆವು. ಅಣ್ಣ ಅಡಿಕೆ ರೇಟಿನ ಮಾತು ತೆಗೆದರು, ಈ ಸಲ ಕೊಯ್ಲಿಗೆ ಜನ ಸಿಗದಿರುವ ಬಗ್ಗೆ ಹೇಳಿದರು. ನಮ್ಮ ಕಡೆ ನೋಡದೆ, ಅಡಿಕೆ ನೋಡುತ್ತಲೇ ಹೇಳಿದರು. ಅರ್ಧ ಗಂಟೆ ಹಾಗೇ ಹೋಯಿತು. ಕತ್ತಲಾಗುತ್ತ ಬಂದಾಗ ಹೊರಟೆವು.

ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರು: "ಆ ವಾಲ್ವ್ ಯಾರ ಕಡೆ ಇರುತ್ತದೆ?"

ಹಾರ್ಡ್‌ವೇರ್ ಲೆಕ್ಕದಲ್ಲಿ ನಾವು ಅದನ್ನು ನಮ್ಮ ಕಡೆಗೇ ಬರೆದಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಿಮ್ಮ ಕಡೆ ಅಣ್ಣಾ" ಎಂದೆವು.

"ನೋಡುವಾ" ಎಂದು ಹೇಳಿ ಅವರು ಅಡಿಕೆ ಮಗುಚಲು ಹೋದರು.