ಇಪ್ಪತ್ತರ ಬಾಟಲಿ ಸಾಕು



ಬನಹಟ್ಟಿಯಲ್ಲಿ ನಿನ್ನ ಪಾರ್ಲರಿನ ಪೂಜೆಯಾಯಿತೆಂದು ಅವ್ವ ಹೇಳಿದಾಗ ಕಣ್ಣು ತುಂಬಿ ಬಂತು. ಜಮಖಂಡಿ, ಮುಧೋಳದಿಂದ ಬರುವ ಹುಡುಗಿಯರು ಮೊಬೈಲಿನಲ್ಲಿ ಕೂದಲಿನ ಫೋಟೋ ತೋರಿಸಿ, “ಅಕ್ಕಾರ, ಇದೇ ಬಣ್ಣ ಬೇಕ್ರಿ, ಇವತ್ತ ಆಗಬೇಕ್ರಿ” ಅನ್ನುತ್ತಾರೆ, ಅಂಗಡಿಯವನು 40ರ ಡೆವಲಪರ್ ಕೊಟ್ಟಿದ್ದಾನೆ, ಹಚ್ಚಲೇ ಎಂದು ಕೇಳಿದ್ದೀಯಲ್ಲ, ಬೇಡ ತಂಗಿ.

20 ವಾಲ್ಯೂಮ್ ಡೆವಲಪರ್ ಎಂದರೆ ಶೇ. 6ರಷ್ಟು ಹೈಡ್ರೋಜನ್ ಪೆರಾಕ್ಸೈಡ್, 30 ಎಂದರೆ ಶೇ. 9, 40 ಎಂದರೆ ಶೇ. 12. ಒಂದು ಲೀಟರಿನಿಂದ ಎಷ್ಟು ಲೀಟರ್ ಆಮ್ಲಜನಕ ಹೊರಬರುತ್ತದೋ ಅದೇ ಆ ಅಂಕಿ. ಬ್ಲೀಚ್ ಪುಡಿಯಲ್ಲೇ ಸಾಕಷ್ಟು ಬಲವಿದೆ. 20ರ ಜೊತೆ ಕಲಸಿದರೂ ಅದು ಕಪ್ಪನ್ನು ಎತ್ತುತ್ತದೆ, ತುಸು ನಿಧಾನ ಅಷ್ಟೇ. ನಮ್ಮ ಕಡೆಯ ದಟ್ಟ ಕಪ್ಪು ಕೂದಲು ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿಗೆ ತಿರುಗುತ್ತದೆ. ಫೋಟೋದ ಬಣ್ಣ ಒಂದೇ ದಿನಕ್ಕೆ ಬರುವುದಿಲ್ಲವೆಂದು ಗಿರಾಕಿಗೆ ಮೊದಲೇ ಹೇಳಿಬಿಡು.

ನಮ್ಮೂರಲ್ಲಿ ಬ್ಲೀಚಿಂಗ್ ಅಂದರೆ ನೂಲಿನ ಕೆಲಸ. ಹತ್ತಿ ನೂಲನ್ನು ಕಾಸ್ಟಿಕ್ ಸೋಡಾ, ಪೆರಾಕ್ಸೈಡ್ ಹಾಕಿ ಕುದಿಸಿದರೂ ತಡೆದುಕೊಳ್ಳುತ್ತದೆ. ಕೂದಲು ಹತ್ತಿಯ ಜಾತಿಯದಲ್ಲ, ಉಣ್ಣೆ, ರೇಷ್ಮೆಯ ಹಾಗೆ ಪ್ರೋಟೀನು. ಕ್ಷಾರ ಹೆಚ್ಚಾದರೆ, ಹೊತ್ತು ಮೀರಿದರೆ ಕರಗಿಯೇ ಹೋಗುತ್ತದೆ.

ಇಡೀ ತಲೆಗೆ ಕೈ ಹಾಕುವ ಮುಂಚೆ ಕಿವಿಯ ಹಿಂದಿನ ಒಂದು ಸಣ್ಣ ಎಳೆ ತೆಗೆದುಕೋ. ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ ಹಚ್ಚು, ಆಗಾಗ ಒರೆಸಿ ಬಣ್ಣ ನೋಡು. ತೊಳೆದ ಮೇಲೆ ಹಸಿ ಎಳೆಯನ್ನು ಎರಡು ಬೆರಳ ನಡುವೆ ಹಗೂರಕ ಎಳೆ. ಹಿಗ್ಗಿ ವಾಪಸ್ ಬಂದರೆ ಸರಿ. ಹಿಗ್ಗಿದ್ದು ಹಾಗೇ ಉಳಿದು ಅಂಟಂಟಾದರೆ ಆ ತಲೆಗೆ ಬ್ಲೀಚೇ ಬೇಡ, ಎಷ್ಟು ದುಡ್ಡು ಕೊಟ್ಟರೂ ಬೇಡ.

ಮೆಹಂದಿ ಹಚ್ಚಿದ್ದಾಳೋ ಕೇಳಲೇಬೇಕು. ಬರೀ ಮದರಂಗಿ ಎಲೆಯಾದರೆ ಕಿತ್ತಳೆ ಬಣ್ಣ ಹಟ ಹಿಡಿದು ಕೂರುತ್ತದೆ, ಅಷ್ಟೇ. ಆದರೆ ಕೆಲವು ಕಲರ್ ಪುಡಿಗಳಲ್ಲಿ ಲೋಹದ ಉಪ್ಪು ಬೆರೆತಿರುತ್ತದೆ. ಅದಕ್ಕೆ ಪೆರಾಕ್ಸೈಡ್ ತಾಗಿದರೆ ಕೂದಲು ಕೈಯಲ್ಲೇ ಬಿಸಿಯಾಗುತ್ತದೆ, ಹೊಗೆಯೂ ಏಳಬಹುದು. ಎಳೆ ಬಿಸಿಯಾದ ಕೂಡಲೇ ತೊಳೆದುಬಿಡು.

ಬುಡದ ಕೂದಲಿಗೆ ಕೊನೆಗೆ ಹಚ್ಚು. ತಲೆಯ ಬಿಸಿಗೆ ಅಲ್ಲಿ ಬೇಗ ತಿಳಿಯಾಗುತ್ತದೆ, ಚರ್ಮವೂ ಸುಡುತ್ತದೆ. ಚೈತ್ರ, ವೈಶಾಖದ ಬಿಸಿಲಲ್ಲಿ ಇನ್ನೂ ಬೇಗ, ಗಡಿಯಾರವನ್ನಷ್ಟೇ ನಂಬಬೇಡ. ತಲೆಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡ. ಡೆವಲಪರಿನ ಮುಚ್ಚಳ ಬಿಗಿಯಾಗಿ ಹಾಕಿ ನೆರಳಲ್ಲಿಡು.

ನಿನ್ನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಬ್ಲೀಚ್ ಪುಡಿಯ ಪರ್ಸಲ್ಫೇಟ್ ದೂಳು ವರ್ಷಗಟ್ಟಲೆ ಉಸಿರಿಗೆ ಹೋದರೆ ಪಾರ್ಲರಿನವರಿಗೇ ದಮ್ಮು ಹಿಡಿಯಬಹುದು. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ತೆರೆದ ಕಿಟಕಿ, ಈ ಮೂರು ತಪ್ಪಿಸಬೇಡ.

40ರ ಬಾಟಲಿ ವಾಪಸ್ ಕೊಟ್ಟು 20ರದ್ದು ತಾ. ಅವಸರ ಮಾಡುವ ಗಿರಾಕಿ ಬೇರೆ ಕಡೆ ಹೋದರೆ ಹೋಗಲಿ. ಮೊದಲ ಬ್ಲೀಚಿನ ದಿನ ಕಲಸುವ ಮುಂಚೆ ನನಗೊಂದು ಫೋನ್ ಮಾಡು.

ಇಂತಿ,
ನಿನ್ನ ಅಕ್ಕ